ಎಡಗಣ್ಣು ಹೊಲಿದಿದ್ದ ಆರು ವಾರ

ಟೂವೂಂಬಾ
೬ ಮಾರ್ಚ್ ೧೯೮೯

ಅಪ್ಪನಿಗೆ,

ಎರಡು ವರ್ಷ ನಾಲ್ಕು ತಿಂಗಳಾದ ಮೇಲೆ ಬರೀತಿದ್ದೀನಿ. ನಿನ್ನ ನೆನಪು ಉಕ್ಕಿ ಬಂತು ಅಂತ ತಿಳ್ಕೋಬೇಡ. ನಿಮ್ಮ ಜೈಲಿನ ಡಾಕ್ಟರು ನನಗೊಂದು ಕಾಗದ ಹಾಕಿದ್ದಾರೆ. ಕೈದಿ ಲೆಸ್ಲಿ ಗ್ರೋಗನ್ನನ ಎಡಗಣ್ಣಿನ ಕೆಳರೆಪ್ಪೆಯಲ್ಲಿ, ಮೂಗಿನ ಪಕ್ಕ ಇರೋದು ಮಾಮೂಲಿ ಹುಣ್ಣಲ್ಲ, ಚರ್ಮದ ಕ್ಯಾನ್ಸರ್ ಅಂತೆ. ಚೂರು ಕತ್ತರಿಸಿ ಪರೀಕ್ಷೆ ಮಾಡಿಸಿದ್ದಾರಂತೆ. ಬ್ರಿಸ್ಬೇನಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕಂತೆ, ನೀನು ಬೇಡ ಅಂತ ಹಟ ಹಿಡಿದಿದ್ದೀಯಂತೆ. ಮಗಳಾದ ನೀವು ಒಂದು ಮಾತು ಹೇಳಿ ನೋಡಿ ಅಂತ ಬರೆದಿದ್ದಾರೆ.

ಹೇಳ್ತಿದ್ದೀನಿ. ಮಾಡಿಸ್ಕೋ. ಅಲ್ಲಿಗೆ ನನ್ನ ಕೆಲಸ ಮುಗೀತು.

ನಾನಿಲ್ಲಿ ಒಂದು ಶಾಲೆಯ ಕ್ಯಾಂಟೀನಿನಲ್ಲಿದ್ದೀನಿ. ದಿನಕ್ಕೆ ಇನ್ನೂರು ಮಾಂಸದ ಕಡುಬು ಬಿಸಿ ಮಾಡಿ ಕೊಡ್ತೀನಿ. ಒಂದು ಕೋಣೆ ಇದೆ, ಒಳಗಿಂದ ಚಿಲಕ ಇದೆ. ಡಾರಿಲ್ ವಿಷಯ ಕೇಳಬೇಡ. ಅವನು ಈಗ ನನ್ನ ಗಂಡ ಅಲ್ಲ.

ಈ ಕಾಗದಾನ ಅಲ್ಲಿಯವರು ಒಡೆದು ಓದ್ತಾರೆ ಅಂತ ಗೊತ್ತು. ಓದಲಿ.

ಲಿನೆಟ್


೧೯ ಮಾರ್ಚ್ ೧೯೮೯

ಲಿನ್,

ಲಕೋಟೆ ಮೇಲೆ ನಿನ್ನ ಅಕ್ಷರ ನೋಡಿ ಒಂದಿಡೀ ದಿನ ಒಡೀಲಿಲ್ಲ. ಒಡೆದ ಮೇಲೆ ಎರಡು ನಿಮಿಷಕ್ಕೆ ಮುಗೀತು.

ಹೆದರಿಕೊಂಡು ಬೇಡ ಅಂದಿದ್ದಲ್ಲ. ನಮ್ಮ ಬಿಳಿ ಮುಖದ ಹಸುಗಳಿಗೆ ಕಣ್ಣಲ್ಲಿ ಕ್ಯಾನ್ಸರ್ ಆಗ್ತಿತ್ತಲ್ಲ, ನೆನಪಿದೆಯಾ? ನಲವತ್ತು ವರ್ಷದಲ್ಲಿ ಇನ್ನೂರು ಕಣ್ಣಾದ್ರೂ ಕಿತ್ತಿದ್ದೀನಿ. ಕತ್ತನ್ನ ಕಂಬಗಳ ಮಧ್ಯೆ ಸಿಗಿಸಿ, ಮೂಗಿಗೆ ಹಗ್ಗ ಹಾಕಿ ಒಬ್ಬ ಎಳ್ಕೊಂಡು ನಿಂತರೆ, ನಾನು ರೆಪ್ಪೆ ಸುತ್ತ ಚಾಕು ಆಡಿಸಿ, ಗುಡ್ಡೆ ಕಿತ್ತು ನಾಯಿಗೆ ಎಸೆದು, ದಪ್ಪ ದಾರದಲ್ಲಿ ಹೊಲಿದು ಬಿಡ್ತಿದ್ದೆ. ಮರಗಟ್ಟಿಸೋಕೆ ಸೂಜಿಗೀಜಿ ಏನೂ ಇಲ್ಲ. ಅದು ಕೂಗೋ ಕೂಗಿಗೆ ನಿಮ್ಮಮ್ಮ ಅಡುಗೆಮನೇಲಿ ರೇಡಿಯೋ ಜೋರು ಮಾಡ್ತಿದ್ದಳು. ಅರ್ಧಕ್ಕರ್ಧ ಹಸುಗಳಿಗೆ ಅದು ಮತ್ತೆ ಬರ್ತಿತ್ತು. ಆಮೇಲೆ ಗುಂಡು. ಕತ್ತರಿಸಿದವನಿಗೆ ಗೊತ್ತು ಕತ್ತರಿಸೋದರ ಹಣೆಬರಹ. ಅದಕ್ಕೇ ಬೇಡ ಅಂದೆ.

ಡಾರಿಲ್ ವಿಷಯ ಕೇಳಲ್ಲ. ಹೇಳೋದು ಮಾತ್ರ ಹೇಳ್ತೀನಿ. ನನ್ನ ಮಗಳ ಮಣಿಕಟ್ಟು ಮುರಿದವನಿಗೆ ನಾನು ಕೊಟ್ಟಿದ್ದು ಕಮ್ಮೀನೇ. ಪಶ್ಚಾತ್ತಾಪ ಇದೆಯಾ ಅಂತ ಜಡ್ಜು ಕೇಳಿದ, ಇಲ್ಲ ಅಂದೆ. ಒಟ್ಟು ಐದು ವರ್ಷ ಬಿತ್ತು. ಇವತ್ತು ಕೇಳಿದ್ರೂ ಅದನ್ನೇ ಹೇಳ್ತೀನಿ.

ಇಲ್ಲೂ ಅಷ್ಟೇ. ಹೋದ ತಿಂಗಳು ಊಟದ ಸಾಲಿನಲ್ಲಿ ಡಂಕ್ಲಿ ಅನ್ನೋ ಮೂವತ್ತು ವರ್ಷದ ಗೂಳಿ ನನ್ನ ಮುಂದೆ ನುಗ್ಗಿ, "ಆ ಕಡೆ ಸರಿಯೋ ಮುದುಕ, ನಿನ್ನ ಕಣ್ಣಿನ ರಸ ನನ್ನ ತಟ್ಟೆಗೆ ಬೀಳುತ್ತೆ" ಅಂದ. ತಟ್ಟೆಯಿಂದಲೇ ಅವನ ಮೂಗು ಮುರಿದೆ. ಹನ್ನೆರಡು ದಿನ ಒಂಟಿ ಕೋಣೆಗೆ ಹಾಕಿದ್ರು. ಅಲ್ಲಿ ಆರಾಮಾಗಿ ನಿದ್ದೆ ಮಾಡಿದೆ.

ಅಪ್ಪ


ಟೂವೂಂಬಾ
೨ ಏಪ್ರಿಲ್ ೧೯೮೯

ಅಪ್ಪನಿಗೆ,

ಆರಾಮಾಗಿ ನಿದ್ದೆ ಮಾಡಿದೆ ಅಂತ ಬರೆದಿದ್ದೀಯಲ್ಲ, ಅದನ್ನ ಓದಿ ನನಗೆ ಸಿಟ್ಟು ಬಂತು.

ಅವತ್ತು ನಿನ್ನ ಮನೆಗೆ ಬಂದಾಗ ನಾನೇನು ಹೇಳಿದ್ದೆ? ಎರಡು ದಿನ ಮಲಗೋಕೆ ಜಾಗ ಕೊಡು, ಅಷ್ಟೇ ಅಂದಿದ್ದೆ. ಟೂವೂಂಬಾದಲ್ಲಿ ಕೆಲಸ ಗೊತ್ತಾಗಿದೆ, ಸೋಮವಾರ ಬಸ್ಸು ಹತ್ತುತ್ತೀನಿ, ಡಾರಿಲ್‌ಗೆ ಗೊತ್ತಿಲ್ಲ ಅಂದಿದ್ದೆ. ನಿನ್ನ ತೋಳು ಹಿಡ್ಕೊಂಡು ಹೋಗಬೇಡ ಅಂದೆ. ನೀನು ತೋಳು ಕೊಡವಿ ಲಾರಿ ಹತ್ತಿದೆ. ಅವನ ಮನೆಗೆ ಮೂರು ಗಂಟೆ ದಾರಿ. ಮೂರು ಗಂಟೇಲಿ ಒಂದು ಸಲವೂ ನಿನಗೆ ಬ್ರೇಕು ಒತ್ತಬೇಕು ಅನ್ನಿಸಲಿಲ್ಲ. ಅವನು ಹಿತ್ತಲಲ್ಲಿ ಚಡ್ಡಿ ಹಾಕ್ಕೊಂಡು ಹುಲ್ಲು ಕೊಯ್ತಿದ್ದ. ಹಿಂದಿನಿಂದ ಬೇಲಿ ಕಂಬದಲ್ಲಿ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಪಕ್ಕದ ಮನೆಯವರು ನಿನ್ನನ್ನ ಎಳೆದಾಗ ದವಡೆ ಎರಡು ತುಂಡಾಗಿತ್ತು, ಕಿವಿಯಲ್ಲಿ ರಕ್ತ ಬರ್ತಿತ್ತು.

ಆಮೇಲೆ ಏನಾಯ್ತು ಅಂತ ನೀನು ಯಾವತ್ತಾದ್ರೂ ಕೇಳಿದೆಯಾ? ಅವನ ಅಮ್ಮನ ಸೊಂಟ ಮುರಿದಿತ್ತು. ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ. ಮಣಿಕಟ್ಟಿಗೆ ಪಟ್ಟಿ ಹಾಕ್ಕೊಂಡು ನಾಲ್ಕು ತಿಂಗಳು ಅವನ ಬಾಯಿಗೆ ಚಮಚದಲ್ಲಿ ಸಾರು ಬಿಟ್ಟಿದ್ದು ನಾನು. ಅವನ ಕೆಳಗಿನ ಬಟ್ಟೆ ಬದಲಾಯಿಸಿದ್ದು ನಾನು. ನಾನು ಬಿಟ್ಟು ಹೋಗೋಕೆ ಹೊರಟಿದ್ದವನಿಗೇ ನನ್ನನ್ನ ಕಟ್ಟಿ ಹಾಕಿದೆ ನೀನು. ಇವತ್ತಿಗೂ ಅವನ ಮಾತು ತೊದಲುತ್ತೆ. ಬೀದೀಲಿ ಜನ ಅವನನ್ನ ನೋಡಿ ಅಯ್ಯೋ ಪಾಪ ಅಂತಾರೆ. ನನ್ನನ್ನ ನೋಡಿ ಗ್ರೋಗನ್ನನ ಮಗಳು ಅಂತಾರೆ.

ಇನ್ನೊಂದು. ಅವನು ನನಗೆ ಎರಡು ವರ್ಷ ಮಾಡಿದ್ದನ್ನ ನೀನು ಅಮ್ಮನಿಗೆ ಇಪ್ಪತ್ತೆರಡು ವರ್ಷ ಮಾಡಿದ್ದೆ. ನಿನಗೆ ಬೇಲಿ ಕಂಬ ತಗೊಂಡು ಬಂದವರು ಯಾರೂ ಇರಲಿಲ್ಲ.

ಆಪರೇಷನ್ ಮಾಡಿಸ್ಕೋ, ಬಿಡು. ಕಣ್ಣು ನಿನ್ನದು.

ಲಿನೆಟ್


೧೪ ಜೂನ್ ೧೯೮೯

ಲಿನ್,

ಮಾಡಿಸ್ಕೊಂಡೆ. ಹತ್ತು ದಿನದ ಹತ್ತಿರ ಆಯ್ತು. ಒಂದೇ ಕಣ್ಣಲ್ಲಿ ಬರೀತಿದ್ದೀನಿ, ಸಾಲು ಸೊಟ್ಟ ಆಗಿದ್ರೆ ಅದಕ್ಕೇ.

ನಿನ್ನ ಕಾಗದಕ್ಕೆ ಉತ್ತರ ಬರೆಯೋಕೆ ನಾಲ್ಕು ಸಲ ಕೂತೆ, ನಾಲ್ಕು ಸಲ ಹರಿದೆ. ಅಷ್ಟರಲ್ಲಿ ಹುಣ್ಣು ಮೂಗಿನ ಮೂಲೆ ಕೊರೀತಾ ಬಂತು. ಬ್ರಿಸ್ಬೇನಿನಿಂದ ಡಾಕ್ಟರಮ್ಮ ಒಬ್ಬಳು ಬಂದು ನೋಡಿದಳು, ಪೆಟ್ರೀಡಿಸ್ ಅಂತ, ಐದಡಿ ಇಲ್ಲ. ಅವಳು ಹೇಳಿದ್ದು ಇಷ್ಟು: "ಇದು ಊರೆಲ್ಲ ಸುತ್ತೋ ಕ್ಯಾನ್ಸರ್ ಅಲ್ಲ, ಇದ್ದಲ್ಲೇ ತಿನ್ನುತ್ತೆ. ಈಗ ರೆಪ್ಪೆ ಕೇಳ್ತಿದೆ. ಮುಂದಿನ ವರ್ಷ ಗುಡ್ಡೆ ಕೇಳುತ್ತೆ. ಅದರ ಮುಂದಿನ ವರ್ಷ ಮೂಳೆ. ಎಷ್ಟು ಕೊಡ್ತೀರಿ, ಹೇಳಿ." ನಾನು ಹಸುಗಳ ಕಥೆ ಹೇಳಿದೆ. "ನೀವು ಎಲ್ಲಿಗೆ ನಿಲ್ಲಿಸಬೇಕು ಅಂತ ನೋಡದೆ ಕತ್ತರಿಸ್ತಿದ್ರಿ. ನಾನು ನೋಡಿ ಕತ್ತರಿಸ್ತೀನಿ" ಅಂದಳು. ಆಗ ರುಜು ಹಾಕಿದೆ.

ಕಾವಲಿನ ಇಬ್ಬರು ನನ್ನ ಕೈಗಳನ್ನ ಮಂಚಕ್ಕೆ ಬೇಡಿ ಹಾಕಿದ್ರು. ಅವಳು ಕೈಗವಸು ಹಾಕ್ಕೊಳ್ತಾ, "ಕೈ ಬಿಚ್ಚಿ, ಕಾಲಿಗೆ ಹಾಕಿ" ಅಂದಳು. "ಇವನು ಅಪಾಯದ ಮನುಷ್ಯ ಡಾಕ್ಟ್ರೇ" ಅಂದ ಒಬ್ಬ. "ಕತ್ತರಿ ನನ್ನ ಕೈಲಿದೆಯಲ್ಲಪ್ಪ" ಅಂದಳು. ಬಿಚ್ಚಿದ್ರು.

ಎಚ್ಚರ ಇರೋವಾಗಲೇ ಮಾಡ್ತಾರೆ, ಲಿನ್. ಸೂಜಿ ನೇರ ಕಣ್ಣಿಗೇ ಬರ್ತಿರೋದು ಕಾಣುತ್ತೆ, ತಲೆ ಅಲ್ಲಾಡಿಸೋ ಹಾಗಿಲ್ಲ. ಚುಚ್ಚಿದಾಗ ತಲೆ ಹಿಂದಿನವರೆಗೂ ಬೆಂಕಿ. ಆಮೇಲೆ ನೋವಿಲ್ಲ, ಸದ್ದು ಇದೆ. ಹಸಿ ತೊಗಲು ಕತ್ತರಿಸೋ ಸದ್ದು. ಒಂದು ಪದರ ತೆಗೆದು, ಹತ್ತಿ ಇಟ್ಟು, ಆ ಚೂರನ್ನ ಪಕ್ಕದ ಕೋಣೆಗೆ ಕಳಿಸಿ ಮೈಕ್ರೋಸ್ಕೋಪಿನ ಕೆಳಗೆ ನೋಡ್ತಾರೆ. ಒಂದು ಗಂಟೆ ಬಿಟ್ಟು ಬಂದು, "ಮೂಗಿನ ಕಡೆ ಇನ್ನೂ ಇದೆ" ಅಂತಾರೆ. ಮತ್ತೆ ಸೂಜಿ, ಮತ್ತೆ ಕತ್ತರಿ. ಹೀಗೆ ಮೂರು ಸಲ. ಕೊನೇ ಸಲ ಬಂದು "ಅಂಚೆಲ್ಲ ಶುದ್ಧ, ಇನ್ನೇನೂ ಉಳಿದಿಲ್ಲ" ಅಂದಾಗ ಕೆಳರೆಪ್ಪೆ ಮುಕ್ಕಾಲು ಹೋಗಿತ್ತು.

ಮಾರನೇ ದಿನ ಮೇಲಿನ ರೆಪ್ಪೆಯ ಒಳಪದರಾನ ಕೆಳಕ್ಕೆಳೆದು, ಹೋದ ಜಾಗಕ್ಕೆ ಹೊಲಿದ್ರು. ಅದರ ಮೇಲೆ ಕಿವಿ ಹಿಂದಿನ ಚರ್ಮ ಕಿತ್ತು ಹಚ್ಚಿದ್ರು. ಅದಕ್ಕೆ ಜೀವ ಬರೋಕೆ ಆರು ವಾರ ಬೇಕು. ಅಲ್ಲಿವರೆಗೆ ಎಡಗಣ್ಣು ಹೊಲಿದೇ ಇರಬೇಕು. ಅದಕ್ಕೆ ಏಟು ಬಿದ್ರೆ ಹರಿದು ಹೋಗುತ್ತೆ, ಎರಡನೇ ಸಲ ಎಳೆಯೋಕೆ ಮೇಲೆ ಏನೂ ಉಳಿದಿಲ್ಲ ಅಂದಿದ್ದಾಳೆ.

ಮೂರೇ ದಿನಕ್ಕೆ ವಾಪಸ್ ಇಲ್ಲಿಗೆ ಹಾಕಿದ್ರು. ನನಗೆ ಎಡಗಡೆ ಅನ್ನೋದೇ ಇಲ್ಲ ಈಗ. ಪರ್ಸಿ ಅಂತ ಒಬ್ಬ ಕುದುರೆ ಜಾಕಿ ಇದಾನೆ, ನನ್ನ ಕೋಣೆಯವನು, ನೊಣದಷ್ಟಿದಾನೆ. ಅವನು ಹೇಳಿದ, ಡಂಕ್ಲಿ ಎಲ್ಲರ ಮುಂದೆ ದಿನ ಎಣಿಸ್ತಿದಾನಂತೆ.

ಈ ಮಾತು ಹಿಂದೆ ಯಾರಿಗೂ ಬರೆದಿಲ್ಲ. ನನಗೆ ಭಯ ಆಗ್ತಿದೆ.

ಅಪ್ಪ


ಟೂವೂಂಬಾ
೨೨ ಜೂನ್ ೧೯೮೯

ಅಪ್ಪನಿಗೆ,

ಊಟಕ್ಕೆ ಕೂರೋವಾಗ ಎಡಗಡೆ ಗೋಡೆ ಇರೋ ಹಾಗೆ ಕೂತ್ಕೋ. ನಡೆಯೋವಾಗಲೂ ಎಡ ಭುಜ ಗೋಡೆಗೆ ತಾಗಿಸಿಕೊಂಡು ನಡಿ. ಬಾಗಿಲು ಬಂದ್ರೆ ನಿಂತು, ತಲೆ ಪೂರ್ತಿ ತಿರುಗಿಸಿ ನೋಡಿ ದಾಟು. ಚಹಾ ಬಗ್ಗಿಸೋವಾಗ ಬಟ್ಟಲ ಅಂಚಿಗೆ ಬೆರಳು ಇಟ್ಕೋ, ಇಲ್ಲದಿದ್ರೆ ಪಕ್ಕಕ್ಕೆ ಚೆಲ್ಲುತ್ತೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತ ಕೇಳ್ತೀಯಾ? ಅರವತ್ಮೂರರಲ್ಲಿ ಜಾನುವಾರು ಪ್ರದರ್ಶನ ಆದ ಮೇಲೆ ಅಮ್ಮನ ಕಣ್ಣು ಒಂಬತ್ತು ದಿನ ಮುಚ್ಚಿತ್ತು. ನಾನು ಹತ್ತು ವರ್ಷದವಳು. ಅವಳು ಹೇಗೆ ಓಡಾಡ್ತಿದ್ದಳು ಅಂತ ನೋಡ್ತಾ ಇದ್ದೆ. ನೀನು ಬಂದವರಿಗೆಲ್ಲ ಕರು ಒದೀತು ಅಂದೆ. ಅವಳು ತಲೆ ಆಡಿಸಿದಳು. ಅವಳ ಆ ರೆಪ್ಪೆ ಸಾಯೋವರೆಗೂ ಪೂರ್ತಿ ಮೇಲೇಳಲಿಲ್ಲ.

ಅವಳಿಂದ ಕಲಿತದ್ದು ನಿನಗೆ ಹೇಳಿಕೊಡಬೇಕಾಯ್ತಲ್ಲ ಅಂತ ಇದನ್ನ ಬರೆಯೋದೋ ಬೇಡವೋ ಅಂತ ಮೂರು ದಿನ ಯೋಚಿಸಿದೆ.

ಲಿನೆಟ್


ಜೈಲಿನ ಆಸ್ಪತ್ರೆ
೯ ಜುಲೈ ೧೯೮೯

ಲಿನ್,

ಒಂದನೇ ತಾರೀಕು ಡಂಕ್ಲಿ ಹೊಡೆದ. ಬಟ್ಟೆ ಒಗೆಯೋ ಕೋಣೇಲಿ. ನೀನು ಹೇಳಿದ ಹಾಗೇ ಗೋಡೆ ಹಿಡಿದು ಹೋಗ್ತಿದ್ದೆ, ಆದ್ರೆ ಅಲ್ಲಿ ಗೋಡೆ ಮುಗಿದು ದೊಡ್ಡ ಯಂತ್ರಗಳು ಶುರುವಾಗುತ್ತವೆ. ಅವುಗಳ ಸಂದೀಲಿ ನಿಂತಿದ್ದ. ಪೊರಕೆ ಕೋಲು. ಮೊದಲನೇ ಏಟು ಕಿವಿ ಮೇಲೆ ಬಿತ್ತು, ಕೋಲು ಕಾಣಲೇ ಇಲ್ಲ. ನನ್ನ ಬಲಗೈ ತಾನಾಗೇ ಮುಷ್ಟಿ ಆಯ್ತು. ಐವತ್ತು ವರ್ಷದ ಅಭ್ಯಾಸ. ಅಷ್ಟರಲ್ಲಿ ಆ ಡಾಕ್ಟರಮ್ಮನ ಮಾತು ನೆನಪಾಯ್ತು, ಎಳೆಯೋಕೆ ಮೇಲೆ ಏನೂ ಉಳಿದಿಲ್ಲ ಅಂದಿದ್ದು. ನೆಲಕ್ಕೆ ಬಿದ್ದು, ಮಂಡಿ ಎದೆಗೆ ಎಳ್ಕೊಂಡು, ಎರಡೂ ಕೈಯಿಂದ ಕಣ್ಣು ಮುಚ್ಕೊಂಡೆ.

ಅವನು ಬೆನ್ನಿಗೆ, ಪಕ್ಕೆಗೆ, ಕೈಗೆ ಹೊಡೀತಾ ಹೋದ. "ಕೈ ತೆಗಿ, ಮುದುಕ, ಕಣ್ಣು ತೋರ್ಸು" ಅಂತಿದ್ದ. ಮೂರು ಪಕ್ಕೆಲುಬು ಮುರೀತು, ಎಡಗೈ ಎರಡು ಬೆರಳು ಮುರೀತು. ಕೈ ತೆಗೀಲಿಲ್ಲ. ಪರ್ಸಿ ಬಕೆಟ್ಟು ಬಿಸಿನೀರು ತಂದು ಅವನ ಕಾಲಿಗೆ ಎರಚಿದ ಮೇಲೆ ನಿಲ್ಲಿಸಿದ. ಹೊಲಿಗೆ ಉಳ್ಕೊಂಡಿದೆ.

ತಿರುಗಿ ಹೊಡೀಲಿಲ್ಲ. ಅದನ್ನ ಒಳ್ಳೇತನ ಅಂತ ತಿಳ್ಕೋಬೇಡ. ಕಣ್ಣಿನ ಆಸೆಗೆ.

ಆದ್ರೆ ಅಲ್ಲಿ ಬಿದ್ದಿದ್ದಾಗ ನನ್ನ ಬಾಯಿಂದ ಒಂದು ಮಾತು ಬಂತು. "ಆಯ್ತು, ಸಾಕು, ಆಯ್ತು" ಅಂತಿದ್ದೆ. ಅದು ನನ್ನ ಮಾತಲ್ಲ. ಐವಿಯ ಮಾತು. ನಿಮ್ಮಮ್ಮ ಹೀಗೇ ಮಂಡಿ ಎಳ್ಕೊಂಡು ಇದನ್ನೇ ಹೇಳ್ತಿದ್ದಳು. ನಾನು ಅದನ್ನ ಕೇಳಿಸ್ಕೊಂಡಿದ್ದೆ. ಕೇಳಿಸ್ಕೊಂಡೇ ಹೊಡೀತಿದ್ದೆ.

ಕರು ಒದ್ದಿರಲಿಲ್ಲ, ಲಿನ್. ನಿನಗೆ ಗೊತ್ತಿರೋದೇ. ಆದ್ರೂ ನನ್ನ ಕೈಯಲ್ಲಿ ಬರೆದು ಕೊಡಬೇಕು. ಪ್ರದರ್ಶನದ ದಿನ ಅಖಾಡದಲ್ಲಿ ನಾನು ಕುದುರೆಯಿಂದ ಬಿದ್ದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬರೋ ದಾರೀಲಿ ಲಾರಿ ನಿಲ್ಲಿಸಿ, ಲಗಾಮಿನ ಕಬ್ಬಿಣ ಕೈಯಲ್ಲಿ ಸುತ್ಕೊಂಡು ಮೂರು ಸಲ ಗುದ್ದಿದೆ. ಮೂರನೇದು ಕಣ್ಣಿಗೆ. ನೀನು ಹಿಂದೆ ಮಲಗಿದ್ದೀಯ ಅಂದ್ಕೊಂಡಿದ್ದೆ. ಆಮೇಲೆ ಇಳಿದು ಸಿಗರೇಟು ಸೇದಿದೆ. ಅವಳು ತಾನೇ ತನ್ನ ಪೆಟಿಕೋಟು ಹರಿದು ಕಟ್ಕೊಂಡಳು.

ಡಾರಿಲ್‌ನನ್ನ ಹೊಡೆದಾಗ ನ್ಯಾಯ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಈಗ ಹಾಗೆ ಹೇಳೋಕೆ ಆಗ್ತಿಲ್ಲ.

ಹದಿನೆಂಟನೇ ತಾರೀಕು ಕಣ್ಣು ಬಿಡಿಸ್ತಾರೆ.

ಅಪ್ಪ


ಟೂವೂಂಬಾ
೨೩ ಜುಲೈ ೧೯೮೯

ಅಪ್ಪನಿಗೆ,

ನಾನು ಮಲಗಿರಲಿಲ್ಲ.

ಹದಿನೆಂಟನೇ ತಾರೀಕು ಆಸ್ಪತ್ರೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಕ್ಯಾಂಟೀನಿಗೆ ರಜೆ ಹಾಕಿ ಮೊದಲನೇ ಬಸ್ಸು ಹಿಡಿದೆ. ಕಾರಿಡಾರಿನ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆ. ನೀನು ಇಬ್ಬರು ಕಾವಲಿನವರ ಮಧ್ಯೆ ಹೊರಗೆ ಬಂದೆ, ಎರಡೂ ಕಣ್ಣು ತೆರೆದಿತ್ತು. ಎಡಗಣ್ಣು ಕೆಂಡದ ಹಾಗಿತ್ತು, ಹೊಸ ರೆಪ್ಪೆಗೆ ಕೂದಲಿಲ್ಲ, ಆದ್ರೆ ಕಣ್ಣು ಕಣ್ಣೇ. ತುಂಬ ಸಣ್ಣ ಆಗಿದ್ದೀಯ. ಎದ್ದು ನಿಲ್ಲಬೇಕು ಅಂದ್ಕೊಂಡೆ. ಅಷ್ಟರಲ್ಲಿ ನಿನ್ನ ಹೆಜ್ಜೆ ಸದ್ದು ಕೇಳಿಸ್ತು. ಎಡಗಾಲು ಎಳೆದು ಹಾಕ್ತೀಯಲ್ಲ, ಅದು. ಮೂವತ್ತಾರು ವರ್ಷದ ಹೆಂಗಸು ನಾನು, ಕೈಚೀಲ ಮುಖಕ್ಕೆ ಅಡ್ಡ ಹಿಡ್ಕೊಂಡೆ. ನೀನು ದಾಟಿ ಹೋದೆ.

ಡಾಕ್ಟರಮ್ಮನೇ ಬಂದು ಮಾತಾಡಿಸಿದಳು. "ನೀವು ಅವರ ಮಗಳೇ ಇರಬೇಕು, ಅದೇ ಕಣ್ಣು" ಅಂದಳು. ನನಗೆ ಅದು ಹೊಗಳಿಕೆ ಅನ್ನಿಸಲಿಲ್ಲ. ಹುಣ್ಣು ಪೂರ್ತಿ ಹೋಗಿದೆ, ಆದ್ರೆ ಐದು ವರ್ಷ ಆಗಾಗ ನೋಡ್ತಿರಬೇಕು, ಮತ್ತೆ ಬಂದ್ರೆ ಮೂಗಿನ ಮೂಲೇಲೇ ಬರುತ್ತೆ ಅಂದಳು.

ಅಕ್ಟೋಬರಿನಲ್ಲಿ ನಿನ್ನನ್ನ ಪೆರೋಲಿನ ಮೇಲೆ ಬಿಡೋ ಮಾತಿದೆಯಂತೆ. ನಿಮ್ಮ ಮನೇಲಿ ಇಟ್ಕೊಳ್ತೀರಾ ಅಂತ ನನಗೊಂದು ಅರ್ಜಿ ಬಂದಿದೆ. ಇಲ್ಲ ಅಂತ ಬರೆದು ಕಳಿಸಿದ್ದೀನಿ. ಅವರ ಬಾಯಿಂದ ಕೇಳೋದಕ್ಕಿಂತ ನನ್ನಿಂದಲೇ ಕೇಳು.

ನಿನ್ನ ಕಾಗದ ಎಸೆದಿಲ್ಲ. ಇಷ್ಟೇ ಹೇಳ್ತೀನಿ ಅದರ ಬಗ್ಗೆ.

ಲಿನ್


೨೦ ಆಗಸ್ಟ್ ೧೯೮೯

ಲಿನ್,

ಇಲ್ಲ ಅಂತ ಬರೆದದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ದಿದ್ರೂ ಚಿಲಕ ಹಾಕ್ತಿದ್ದೆ.

ಪೆರೋಲು ಹೇಗೂ ತಪ್ಪಿ ಹೋಯ್ತು. ಫೆಬ್ರವರಿವರೆಗೆ ಮುಂದಕ್ಕೆ ಹಾಕಿದ್ರು. ಯಾಕೆ ಅಂತ ಹೇಳ್ತೀನಿ.

ಐದನೇ ತಾರೀಕು ಶನಿವಾರ ಮಧ್ಯಾಹ್ನ ಎಲ್ಲರೂ ಅಂಗಳದಲ್ಲಿ ಫುಟ್‌ಬಾಲ್ ಆಡ್ತಿದ್ರು. ನಮ್ಮ ಸಾಲಿನ ಇಬ್ಬರು ಬಂದು, "ಬಾರಯ್ಯ ಲೆಸ್, ನಿನಗೊಂದು ಉಡುಗೊರೆ ಇದೆ" ಅಂತ ಬಾಯ್ಲರ್ ಕೋಣೆಗೆ ಕರ್ಕೊಂಡು ಹೋದ್ರು. ಅಲ್ಲಿ ಇನ್ನಿಬ್ಬರು ಡಂಕ್ಲಿಯ ಬಾಯಿಗೆ ಬಟ್ಟೆ ತುರುಕಿ, ಮಂಡಿ ಮೇಲೆ ಕೂರಿಸಿ ಹಿಡ್ಕೊಂಡಿದ್ರು. ನನ್ನ ಕೈಗೆ ಕೊಳಾಯಿ ತುಂಡು ಕೊಟ್ರು. ನಾನು ಹೋಗ್ತಾನೇ ಗೊತ್ತಿತ್ತು ಅಲ್ಲೇನಿದೆ ಅಂತ. ಗೊತ್ತಿದ್ದೇ ಹೋದೆ. ಎರಡೂ ಕಣ್ಣಲ್ಲಿ ಅವನನ್ನ ನೋಡಿದಾಗ ಮೈಯೆಲ್ಲ ಬಿಸಿ ಆಯ್ತು. ಹಳೇ ಸಂತೋಷ ಅದು, ಸುಳ್ಳು ಹೇಳಲ್ಲ.

ಒಂದು ಕೊಟ್ಟೆ. ಭುಜದ ಮೇಲೆ. ಮೂಳೆ ಮುರಿದ ಸದ್ದು ಕೇಳಿಸ್ತು. ಅವನು ಒಂದು ಕೈ ಬಿಡಿಸ್ಕೊಂಡು ಮುಖಕ್ಕೆ ಅಡ್ಡ ಇಟ್ಟ. ಬಾಯಲ್ಲಿ ಬಟ್ಟೆ ಇತ್ತು, ಆದ್ರೂ ಏನು ಹೇಳ್ತಿದಾನೆ ಅಂತ ನನಗೆ ತಿಳೀತು. ಸಾಕು ಅಂತಿದ್ದ. ಕೊಳಾಯಿ ಮೇಲೆತ್ತಿದ್ದೆ. ಎಷ್ಟು ಹೊತ್ತು ಹಾಗೇ ಎತ್ತಿ ಹಿಡಿದಿದ್ದೆನೋ ಗೊತ್ತಿಲ್ಲ, ತೋಳು ಅದುರೋಕೆ ಶುರುವಾಯ್ತು. "ಹಾಕೋ, ಏನು ನೋಡ್ತೀಯ" ಅಂದ್ರು. ಕೆಳಗೆ ಇಟ್ಟೆ. "ರೆಪ್ಪೆ ಜೊತೆ ಗಂಡಸ್ತನಾನೂ ಕಿತ್ತು ಬಿಟ್ಳೇನೋ ಡಾಕ್ಟರಮ್ಮ" ಅಂತ ಒಬ್ಬ ನಕ್ಕ. ಅವರು ಹೋದ ಮೇಲೆ ನಾನೇ ಅವನ ಬಾಯಿಂದ ಬಟ್ಟೆ ತೆಗೆದು, ಕಾವಲಿನವರನ್ನ ಕೂಗಿದೆ. ಹೊಡೆದದ್ದು ಯಾರು ಅಂದ್ರು. ನಾನು ಅಂದೆ.

ಹೊಡೀಲೇ ಇಲ್ಲ ಅಂತ ನಿನಗೆ ಬರೀಬಹುದಿತ್ತು. ಅವನಿಗೂ ನಿನಗೂ ಪರಿಚಯ ಇಲ್ಲ. ಬರೆಯೋಕೆ ಕೈ ಬರಲಿಲ್ಲ. ಒಂದು ಹೊಡೆದೆ.

ಅಪ್ಪ


ಟೂವೂಂಬಾ
೩ ಸೆಪ್ಟೆಂಬರ್ ೧೯೮೯

ಅಪ್ಪ,

ಒಂದು ಅಂತ ಬರೆದೆ. ಒಂದೂ ಇಲ್ಲ ಅಂತ ಬರೆದಿದ್ರೆ ನಾನು ನಂಬ್ತಿರಲಿಲ್ಲ, ಇದಕ್ಕೆ ಉತ್ತರವೂ ಬರ್ತಿರಲಿಲ್ಲ.

ಆ ಒಂದನ್ನ ನಾನು ಕ್ಷಮಿಸೋಕೆ ಆಗಲ್ಲ, ಅದು ನನ್ನ ಭುಜ ಅಲ್ಲ. ಡಂಕ್ಲಿ ಅಲ್ಲೇ ಇದಾನೆ, ಅವನನ್ನ ಕೇಳು. ಅಮ್ಮನನ್ನ ಕೇಳೋಕೆ ಆಗಲ್ಲ. ಅದನ್ನ ನೀನು ಹೊತ್ಕೊಂಡೇ ಇರಬೇಕು, ನಾನು ಇಳಿಸ್ಕೊಡಲ್ಲ. ನನ್ನ ಪಾಲಿನ ಕ್ಷಮೆ ನನ್ನ ಹತ್ತಿರ ಇದೆ. ಅದರ ಮಾತು ಇನ್ನೂ ಆಡಿಲ್ಲ ನಾವು.

ಡಾಕ್ಟರಮ್ಮ ನಿನ್ನನ್ನ ಅಕ್ಟೋಬರ್ ಹದಿನೆಂಟಕ್ಕೆ ಬರಹೇಳಿದ್ದಾಳೆ, ಬುಧವಾರ, ಹತ್ತು ಗಂಟೆಗೆ. ನನಗೂ ಚೀಟಿ ಬಂದಿದೆ. ಬರ್ತೀನಿ. ಈ ಸಲ ಬೆಂಚಿನಿಂದ ಏಳ್ತೀನಿ. ನೀನು ನನ್ನನ್ನ ಕಂಡ ತಕ್ಷಣ ಹತ್ತಿರ ಬರಬೇಡ. ಎಲ್ಲಿದ್ದೀಯೋ ಅಲ್ಲೇ ನಿಲ್ಲು, ಕಾವಲಿನವರಿಗೂ ಹೇಳು. ನಾನೇ ನಡ್ಕೊಂಡು ಬರ್ತೀನಿ. ಎಷ್ಟು ಹತ್ತಿರ ಬರೋಕೆ ಆಗುತ್ತೆ ಅಂತ ನನಗಿನ್ನೂ ಗೊತ್ತಿಲ್ಲ.

ನಿನ್ನ ಮಗಳು
ಲಿನ್